ಸೆಕೆಂಡ್ ಹ್ಯಾಂಡ್ ಶೂರ್ ಎಂ97ಎಕ್ಸ್‌ಇ ಕಾರ್ಟ್ರಿಜ್: ಚಿಕ್ಕಮಗಳೂರಿನ ಮಳೆಯಲ್ಲಿ ಬಳಸಿ ನೋಡಿದ ಮೇಲೆ

ಟರ್ನ್‌ಟೇಬಲ್‌ಗೆ ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ತಗೋಬಹುದಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ (ಟರ್ನ್‌ಟೇಬಲ್‌ನ ಕೈ, ಅಂದರೆ ಟೋನ್‌ಆರ್ಮಿನ ತುದಿಯಲ್ಲಿ ಕೂತು ರೆಕಾರ್ಡಿನ ಹಾಡನ್ನು ವಿದ್ಯುತ್ತಾಗಿಸುವ ಪುಟ್ಟ ತುಂಡೇ ಕಾರ್ಟ್ರಿಜ್). ಧಾರಾಳವಾಗಿ ತಗೊಳ್ಳಿ. ಆದರೆ ಬಾಡಿ ನೋಡಿ ದುಡ್ಡು ಕೊಡಿ. ಅದರಲ್ಲಿ ಕೂತಿರುವ ಸ್ಟೈಲಸ್ಸಿಗೆ, ಅಂದರೆ ರೆಕಾರ್ಡಿನ ಮೇಲೆ ಓಡುವ ಮುಳ್ಳಿಗೆ, ಒಂದು ರೂಪಾಯಿಯೂ ಲೆಕ್ಕ ಹಾಕಬೇಡಿ.

ನಾನು ವರ್ಷಗಳಿಂದ ಕೇಳುತ್ತಿರುವುದು ಶೂರ್ ಎಂ97ಎಕ್ಸ್‌ಇ. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು. ಹಾಗಾಗಿ ಈಗ ಸಿಗುವುದು ಒಂದೋ ಬಳಸಿದ್ದು, ಇಲ್ಲಾ ಯಾರೋ ಬೀರುವಿನಲ್ಲಿಟ್ಟು ಮರೆತಿದ್ದು. ನನಗೆ ಸಿಕ್ಕಿದ್ದು ಆಲ್ದೂರು ಕಡೆಯ ಒಂದು ತೋಟದ ಮನೆಯಲ್ಲಿ. ಹಳೇ ಸೆಟ್ಟನ್ನು ಬಿಡಿಬಿಡಿಯಾಗಿ ಕೊಡುತ್ತಿದ್ದರು. "ಇದು ಜಾಸ್ತಿ ಓಡಿಲ್ಲ ಸಾರ್" ಅಂದರು. ಅವರ ಮಾತಿನ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೆ ಎಷ್ಟು ಗಂಟೆ ಓಡಿದೆ ಅಂತ ಯಾರು ಬರೆದಿಟ್ಟಿರುತ್ತಾರೆ? ಆಡಿಯೋ ಟೆಕ್ನಿಕಾದವರು ತಮ್ಮ ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಸ್ಟೈಲಸ್ಸಿಗೆ ಹೇಳುವ ಆಯಸ್ಸು ಸುಮಾರು 300 ಗಂಟೆ, ಕೋನಿಕಲ್‌ಗೆ (ದುಂಡು ತುದಿಯದಕ್ಕೆ) 500. ದಿನಾ ಒಂದು ಗಂಟೆ ಹಾಡು ಕೇಳುವ ಮನೆಯಲ್ಲಿ 300 ಗಂಟೆ ವರ್ಷದೊಳಗೇ ಮುಗಿಯುತ್ತದೆ.

ಇದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದರೆ ಸ್ಟೈಲಸ್ ಜೊತೆ ಅಲುಗಾಡುವುದು ಮ್ಯಾಗ್ನೆಟ್. ಬಾಡಿಯ ಒಳಗೆ ಇರುವುದು ಕಾಯಿಲ್ ಮಾತ್ರ. ಸವೆಯುವ ವಜ್ರ, ಅದನ್ನು ಹಿಡಿದಿರುವ ಸಣ್ಣ ಕಡ್ಡಿ (ಕ್ಯಾಂಟಿಲಿವರ್), ವಯಸ್ಸಾದಂತೆ ಗಟ್ಟಿಯಾಗುವ ರಬ್ಬರ್, ಪುಟ್ಟ ಮ್ಯಾಗ್ನೆಟ್, ಎಲ್ಲವೂ ಸ್ಟೈಲಸ್ ಜೊತೆಗೇ ಕಳಚಿ ಬರುತ್ತವೆ. ಹೊಸ ಸ್ಟೈಲಸ್ ಸಿಕ್ಕಿಸಿದರೆ ಅರ್ಧಕ್ಕಿಂತ ಜಾಸ್ತಿ ಕಾರ್ಟ್ರಿಜ್ ಹೊಸದಾದ ಹಾಗೆ. ನಾನು ಹಾಕಿಸಿಕೊಂಡಿದ್ದು ಜಪಾನಿನ ಜಿಕೊ ಕಂಪನಿಯ ಎಲಿಪ್ಟಿಕಲ್. ಬಾಡಿ, ಸ್ಟೈಲಸ್ ಎರಡೂ ಸೇರಿ, ಹೊಸ ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ಜಿನ ಬೆಲೆಗಿಂತ ಜಾಸ್ತಿಯೇ ಆಯಿತು. ಉಳಿತಾಯಕ್ಕೆ ಅಂತ ಈ ದಾರಿ ಹಿಡಿಯುವುದಾದರೆ ಬೇಡ. ಈ ದನಿ ಬೇಕು ಅಂತಿದ್ದರೆ ಮಾತ್ರ ಹಿಡಿಯಿರಿ.

ಕೊಳ್ಳುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿದೆ. ಹಿಂದಿನ ನಾಲ್ಕು ಪಿನ್ನುಗಳಲ್ಲಿ ಬಿಳಿ-ನೀಲಿ ಎಡ ಚಾನೆಲ್, ಕೆಂಪು-ಹಸಿರು ಬಲ ಚಾನೆಲ್. ಎರಡು ಜೋಡಿಯಲ್ಲೂ ಓಮ್ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದರಲ್ಲಿ ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ ಅಂತಲೇ ಅರ್ಥ, ಅದನ್ನು ಬಿಟ್ಟು ಎದ್ದು ಬನ್ನಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ಇದೆಯಲ್ಲ, ಅದರಲ್ಲಿ ಕ್ಯಾಂಟಿಲಿವರ್ ನೆಟ್ಟಗಿದೆಯಾ ಅಂತ ಕಾಣುತ್ತದೆ. ವಜ್ರ ಎಷ್ಟು ಸವೆದಿದೆ ಅನ್ನುವುದು ಆ ಲೆನ್ಸಿಗೆ ಕಾಣುವುದಿಲ್ಲ, ಅದಕ್ಕೆ ಮೈಕ್ರೋಸ್ಕೋಪೇ ಬೇಕು. ಲೆನ್ಸಿನಲ್ಲಿ ಚೆನ್ನಾಗಿ ಕಂಡಿತು ಅಂತ ಹಳೇ ಸ್ಟೈಲಸ್ಸನ್ನು ಒಳ್ಳೇ ಎಲ್‌ಪಿ ಮೇಲೆ ಇಳಿಸಬೇಡಿ. ಸವೆದ ವಜ್ರ ಗ್ರೂವನ್ನು, ಅಂದರೆ ಹಾಡು ಅಚ್ಚಾಗಿರುವ ಗೆರೆಯನ್ನು, ಕೆತ್ತಿಹಾಕುತ್ತದೆ. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

ಈಗ ದನಿಯ ವಿಷಯ. ಎಂ97ಎಕ್ಸ್‌ಇ ಮೆತ್ತಗೆ ಹಾಡುತ್ತದೆ. ತಾರಸ್ಥಾಯಿಯ ಕಡೆ ಹೊಳಪು ಕಮ್ಮಿ, ನಡುಭಾಗ ತುಂಬಿಕೊಂಡಿರುತ್ತದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಇದರಲ್ಲಿ ಕೇಳಬೇಕು. ಮೀಟಿದ ಬೆರಳಿನ ಸದ್ದು ಚುಚ್ಚುವುದಿಲ್ಲ, ತಂತಿ ಎಳೆದಾಗ ಹುಟ್ಟುವ ಗಮಕ ಕೊನೆಯವರೆಗೂ ಕಿವಿಯಲ್ಲೇ ಇರುತ್ತದೆ. ಅದೇ ರೆಕಾರ್ಡನ್ನು ಸ್ನೇಹಿತರ ಮನೆಯ ವಿಎಂ95ಇಯಲ್ಲಿ ಕೇಳಿದರೆ ಮೀಟು ಇನ್ನೂ ಚುರುಕು, ಜೊತೆಗೆ ರೆಕಾರ್ಡಿನ ಗೀರು ಕೂಡ ಚುರುಕು. ನಮ್ಮಲ್ಲಿ ಸಿಗುವ ಹಳೇ ತಟ್ಟೆಗಳೆಲ್ಲ ಹತ್ತು ಕೈ ದಾಟಿ ಬಂದವು. ಅವಕ್ಕೆ ಶೂರ್‌ನ ಮೆತ್ತನೆ ಗುಣವೇ ಸರಿ ಅನ್ನುವುದು ನನ್ನ ಅನುಭವ.

ಕಷ್ಟದ ಪರೀಕ್ಷೆ ಇರುವುದು ರೆಕಾರ್ಡಿನ ಒಳ ಅಂಚಿನಲ್ಲಿ. ಎಲ್‌ಪಿಯ ಹೊರ ಅಂಚಿನಲ್ಲಿ ಗ್ರೂವ್ ಸ್ಟೈಲಸ್ಸಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಲೇಬಲ್ ಹತ್ತಿರ ಬರುವಾಗ 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಹಾಡು, ಅರ್ಧಕ್ಕಿಂತ ಕಮ್ಮಿ ಜಾಗ. ಎಸ್. ಜಾನಕಿಯವರ ದನಿ ಇರುವ ಹಾಡು ಸೈಡಿನ ಕೊನೆಯಲ್ಲಿ ಬಂದರೆ 'ಸ', 'ಶ' ಎರಡೂ ಸರಕ್ಕನೆ ಉಗಿದ ಹಾಗೆ ಕೇಳಿಸುತ್ತವೆ. ಹಳೇ ಸ್ಟೈಲಸ್ಸಿನಲ್ಲಿ ಹಾಗೇ ಆಗುತ್ತಿತ್ತು. ಹೊಸದು ಹಾಕಿ, ಕಾರ್ಟ್ರಿಜ್ಜನ್ನು ಕೋನ ಅಳೆಯುವ ಪ್ರೊಟ್ರಾಕ್ಟರ್ ಇಟ್ಟು ಕೂರಿಸಿ, ಸ್ಟೈಲಸ್ ರೆಕಾರ್ಡನ್ನು ಒತ್ತುವ ತೂಕ 1.25 ಗ್ರಾಂಗೆ ತಂದ ಮೇಲೆ ಆ 'ಸ' ಮತ್ತೆ 'ಸ' ಆಯಿತು. ಪೂರ್ತಿ ಹೋಗಿಲ್ಲ, ಆದರೆ ಹಾಡು ಬಿಟ್ಟು ಅದರ ಕಡೆಗೇ ಗಮನ ಹೋಗುವುದು ನಿಂತಿದೆ.

ತೂಕದ ಬಗ್ಗೆ ಒಂದು ಮಾತು. ಇದರ ಮುಂದೆ ಪುಟ್ಟ ಬ್ರಷ್ ಇದೆ. ಧೂಳು ಗುಡಿಸುತ್ತದೆ, ಸೊಟ್ಟಗಾದ ರೆಕಾರ್ಡಿನ ಮೇಲೆ ಟೋನ್‌ಆರ್ಮ್ ಕುಣಿಯದ ಹಾಗೆ ತಡೆಯುತ್ತದೆ. ಬ್ರಷ್ ಇಳಿಸಿದರೆ ಅರ್ಧ ಗ್ರಾಂ ಅದೇ ಹೊರುತ್ತದೆ, ಹಾಗಾಗಿ ಟೋನ್‌ಆರ್ಮಿನಲ್ಲಿ 1.75 ಇಡಬೇಕು. ಬರಿಗಣ್ಣಿನ ಅಂದಾಜು ಸಾಲದು, ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ತೂಕ ಕಮ್ಮಿ ಆದರೂ ರೆಕಾರ್ಡಿಗೆ ಏಟೇ. ಸ್ಟೈಲಸ್ ಗ್ರೂವಿನಲ್ಲಿ ನಿಲ್ಲದೆ ಗೋಡೆಗೆ ಬಡಿಯುತ್ತದೆ.

ಜೂನ್ ಬಂತೆಂದರೆ ನಮ್ಮ ಊರಿನ ತೇವ ಕೆಲಸ ಶುರು ಮಾಡುತ್ತದೆ. ರೆಕಾರ್ಡಿನ ಕವರ್ ಮೇಲೆ ಬೂಷ್ಟು, ಪಿನ್ನಿನ ಮೇಲೆ ಕಪ್ಪು. ಒಂದು ಚಾನೆಲ್ ಇದ್ದಕ್ಕಿದ್ದಂತೆ ಸತ್ತರೆ ಕಾರ್ಟ್ರಿಜ್ ಹೋಯಿತು ಅಂತ ಹೆದರಬೇಡಿ. ಆಂಪ್ಲಿಫೈಯರ್ ಆಫ್ ಮಾಡಿ ಕಾರ್ಟ್ರಿಜ್ ಕೂರಿಸುವ ಹಿಡಿಕೆ, ಅಂದರೆ ಹೆಡ್‌ಶೆಲ್ಲಿನ ಕ್ಲಿಪ್ಪನ್ನು ಮೆಲ್ಲಗೆ ಎಳೆದು, ಪಿನ್ ಒರೆಸಿ ಮತ್ತೆ ಹಾಕಿ. ನನ್ನ ಮನೆಯಲ್ಲಿ ಪ್ರತಿ ಸಲವೂ ಅಷ್ಟಕ್ಕೇ ಸರಿಹೋಗಿದೆ. ಸ್ಟೈಲಸ್ಸನ್ನು ಒಣ ಬ್ರಷ್ಷಿನಿಂದ, ಹಿಂದಿನಿಂದ ಮುಂದಕ್ಕೆ ಮಾತ್ರ ಸವರಿ.

ಬಳಸಿದ ಡೆನಾನ್ ಡಿಎಲ್-103 ಕೂಡ ಒಮ್ಮೆ ಕೈಗೆ ಬಂದಿತ್ತು. ಜಪಾನಿನ ರೇಡಿಯೋಗಾಗಿ 1960ರ ದಶಕದಲ್ಲಿ ಹುಟ್ಟಿದ, ಇವತ್ತಿಗೂ ಜನ ಪ್ರೀತಿಸುವ ಕಾರ್ಟ್ರಿಜ್. ತಗೊಳ್ಳಲಿಲ್ಲ. ಅದು ಮೂವಿಂಗ್ ಕಾಯಿಲ್, ಅಂದರೆ ಅಲುಗಾಡುವುದು ಕಾಯಿಲ್, ಸ್ಟೈಲಸ್ ನಾವೇ ಬದಲಿಸುವ ಹಾಗಿಲ್ಲ. ಔಟ್‌ಪುಟ್ ಬರೀ 0.3 ಮಿಲಿವೋಲ್ಟ್, ನನ್ನ ಶೂರ್‌ನದು 4. ಅಷ್ಟು ಸಣ್ಣ ಸಿಗ್ನಲ್ ಹೆಚ್ಚಿಸಲು ಬೇರೆ ಟ್ರಾನ್ಸ್‌ಫಾರ್ಮರೋ ಪ್ರೀಆಂಪೋ ಬೇಕು. ಮಾರುವವರು ತೋರಿಸಿದ ತುಂಡಿನಲ್ಲಿ ಕ್ಯಾಂಟಿಲಿವರ್ ಒಂದು ಪಕ್ಕಕ್ಕೆ ವಾಲಿತ್ತು. ಡಿಎಲ್-103 ಬೇಕಾದರೆ ಹೊಸದೇ ತಗೊಳ್ಳಿ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆ (78ರ ತಟ್ಟೆ) ಇರುವವರು ಇದೇ ಸ್ಟೈಲಸ್ಸಿನಲ್ಲಿ ಓಡಿಸಬೇಡಿ. ಎಲ್‌ಪಿ ಸ್ಟೈಲಸ್ಸಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ಕ್ಕೆ 65ರಿಂದ 75 ಬೇಕು. ಸಣ್ಣ ತುದಿ ಗ್ರೂವಿನ ತಳಕ್ಕೆ ಇಳಿದು ಅಲ್ಲಿನ ಕೊಳೆಯನ್ನೇ ಓದುತ್ತದೆ. ನಾನು ಹಳೇ ಶೂರ್ ಎಂ44 ಬಾಡಿಯೊಂದಕ್ಕೆ 78ರ ದಪ್ಪ ಸ್ಟೈಲಸ್ ಹಾಕಿ ಬೇರೆ ಹೆಡ್‌ಶೆಲ್ಲಿನಲ್ಲಿ ಕೂರಿಸಿಟ್ಟಿದ್ದೇನೆ. ಆಂಪ್ಲಿಫೈಯರಿನಲ್ಲಿ ಮೋನೋ ಒತ್ತಿದರೆ ಗರಗರ ಅರ್ಧ ಇಳಿಯುತ್ತದೆ. ಚೌಡಯ್ಯನವರ ಪಿಟೀಲು, ಕಾಳಿಂಗರಾಯರ ದನಿ, ಎರಡಕ್ಕೂ ಇದನ್ನೇ ಬಳಸುತ್ತೇನೆ. ಎಂ44 ಬಾಡಿ ಎಂ97ಎಕ್ಸ್‌ಇಗಿಂತ ಸುಲಭವಾಗಿ ಸಿಗುತ್ತದೆ, ಸ್ಟೈಲಸ್ ಆಯ್ಕೆಯೂ ಜಾಸ್ತಿ. ಮೊದಲ ಸಲ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದರಿಂದಲೇ ಶುರು ಮಾಡಬಹುದು.