ಸೊಲ್ಲಾಪುರದಿಂದ ಮುಂಬೈಗೋ, ಹೈದರಾಬಾದಿಗೋ?

ಮುಂಬೈ–ಹೈದರಾಬಾದ್ ರೈಲುದಾರಿಯ ನಡುವಿರುವ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರು ಒಂದೇ ವಸ್ತುಸಂಗ್ರಹಾಲಯ ನೋಡುವುದಾದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. 1922ರಲ್ಲಿ ತೆರೆದ ಈ ಕಟ್ಟಡದಲ್ಲಿ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳಿವೆ. ಗುಡಿಯಲ್ಲಿ ಕತ್ತೆತ್ತಿ ನೋಡಬೇಕಾಗಿದ್ದ ಚಾಲುಕ್ಯರ ಆ ಕೆತ್ತನೆಯನ್ನು ಇಲ್ಲಿ ಕಣ್ಣೆದುರಿಗೇ ನಿಧಾನವಾಗಿ ನೋಡಬಹುದು, ಆದರೂ ಅವು ತಮ್ಮ ಊರಿನಿಂದ ಇಷ್ಟು ದೂರವಾಗಿರುವುದು ಮನಸ್ಸನ್ನು ಕಲಕುತ್ತದೆ.

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನಮಗೆ ಹತ್ತಿರ. ಮುಖ್ಯವಾಗಿ ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಕೂಡಿಸಿದ ಈ ಸಂಗ್ರಹದಲ್ಲಿ ಇಟಲಿಯ ಶಿಲ್ಪಿ ಬೆಂಜೋನಿಯ ಅಮೃತಶಿಲೆಯ ಶಿಲ್ಪ ‘ಮುಸುಕಿನ ರೆಬೆಕಾ’ ಇದೆ. ಜೊತೆಗೆ ಮಕ್ಕಳಿದ್ದರೆ, ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಜಾಗಟೆ ಬಾರಿಸುವ ಗಡಿಯಾರಕ್ಕಾಗಿಯೇ ಹೋಗಬಹುದು. ಶುಕ್ರವಾರ ಅಲ್ಲಿ ರಜೆ.