ಬೀಗ ಹಾಕಿದ ಮೇಲೆ ಯಾವ ಮನೆ ಲೇಸು: ಸಾಗರ, ಮಾಗಡಿ, ಮಳವಳ್ಳಿ

ಬೆಂಗಳೂರಿನ ಕೆಲಸ ಬಿಡದೆ ಹಳ್ಳಿಯಲ್ಲಿ ಇನ್ನೊಂದು ಮನೆ ಬೇಕೆನ್ನುವವರು, ತಾವು ಅಲ್ಲಿರುವ ದಿನಗಳನ್ನಷ್ಟೇ ಕಲ್ಪಿಸಿಕೊಂಡು ಮನೆ ನೋಡುತ್ತಾರೆ. ಆದರೆ ವರ್ಷದ ಬಹುಪಾಲು ಆ ಮನೆಗೆ ಬೀಗ ಬಿದ್ದಿರುತ್ತದೆ. ಹಾಗಾಗಿ ನಾನೂ ನನ್ನ ಹೆಂಡತಿಯೂ ಕೊಳ್ಳುವ ಮಾತೆತ್ತುವ ಮೊದಲು ಮೂರು ಕಡೆ ಬಾಡಿಗೆಗೆ ಇದ್ದು ನೋಡಿದೆವು: ಮಲೆನಾಡಿನ ಸಾಗರ ಪಟ್ಟಣದ ಬಳಿಯ ಹಳೆಯ ಹೆಂಚಿನ ಮನೆ, ಮಾಗಡಿ ಕಡೆಯ ಫಾರ್ಮ್ ಪ್ಲಾಟ್, ಮಳವಳ್ಳಿ ತಾಲ್ಲೂಕಿನ ಊರೊಳಗಿನ ತೊಟ್ಟಿ ಮನೆ. ಕೆಲವು ವಾರ ಇದ್ದು, ಬೀಗ ಹಾಕಿ ಬಂದು, ಮತ್ತೆ ಹೋಗಿ ಬಾಗಿಲು ತೆಗೆದಾಗ ಏನಾಗಿದೆ ಎಂಬುದೇ ನಮ್ಮ ಅಳತೆಗೋಲು. ಕುಂದಾಪುರದ ಕಡಲ ಕಡೆಗೂ ಆಸೆಯಿತ್ತು. ಉಪ್ಪುಗಾಳಿಗೆ ತುಕ್ಕು ತಿಂದ ಕಿಟಕಿ ಸರಳುಗಳನ್ನೂ ಕಡಲಿನಿಂದ ಇಷ್ಟು ಮೀಟರ್ ಒಳಗೆ ಕಟ್ಟಬಾರದೆಂಬ ಕರಾವಳಿ ನಿಯಂತ್ರಣ ವಲಯದ ಲೆಕ್ಕವನ್ನೂ ನೋಡಿದ ಮೇಲೆ ಅದನ್ನು ಕೈಬಿಟ್ಟೆವು.

ಅಂದದ ಮಾತಾದರೆ ಸಾಗರದ ಮನೆಗೆ ಎದುರಿಲ್ಲ. ಜಂಬಿಟ್ಟಿಗೆ ಗೋಡೆ, ಎರಡು ಹಂತದ ಜಗಲಿ, ಅಂಗಳ ದಾಟಿದರೆ ಅಡಿಕೆ ತೋಟ. ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಊರು. ಆದರೆ ಮಂಗಳೂರು ಹೆಂಚು, 1865ರಲ್ಲಿ ಬಾಸೆಲ್ ಮಿಶನ್‌ನವರು ಅದರ ಕಾರ್ಖಾನೆ ಹಾಕಿದಾಗ ಹೇಗಿತ್ತೋ ಈಗಲೂ ಹಾಗೆಯೇ ಇದೆ: ಮಂಗ ಹಾರಿ ಒಂದು ಹೆಂಚು ಸರಿದರೆ ನೀರು ಮಾಡಿನ ಪಕಾಸಿಗುಂಟ ಇಳಿಯುತ್ತದೆ, ಹೆಂಚು ಹೊತ್ತ ಮರದ ರೀಪು ಕೊಳೆಯುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಬೇಕು. ಆ ಕೆಲಸ ಬಲ್ಲವರಿಗೆ ಆ ಹೊತ್ತಿನಲ್ಲಿ ತೋಟದ ಕರೆಗಳೇ ಸಾಕಷ್ಟಿರುತ್ತವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ ಬಿಟ್ಟು ನಮ್ಮ ಖಾಲಿ ಮನೆಯ ಮಾಡು ಹತ್ತುವವರು ಯಾರು?

ಆರಿದ್ರಾ, ಪುನರ್ವಸು ಮಳೆಗಳು ಮುಗಿದ ಮೇಲೆ ಬಾಗಿಲು ತೆಗೆದರೆ ಹಾಸಿಗೆ, ಪುಸ್ತಕ, ಚರ್ಮದ ಚಪ್ಪಲಿ ಎಲ್ಲದರ ಮೇಲೂ ಬೂಷ್ಟು. ನಮ್ಮಲ್ಲಿಗೆ ಬರುತ್ತಿದ್ದ ಹಿರಿಯರೊಬ್ಬರಿಗೆ ಇದರಲ್ಲಿ ಅಚ್ಚರಿಯೇ ಇರಲಿಲ್ಲ. ಅವರು ಹೇಳಿದಂತೆ, ಹಿಂದೆಲ್ಲ ಬಚ್ಚಲ ಹಂಡೆಯ ಒಲೆ, ಅಡುಗೆಯ ಒಲೆ, ಅಡಿಕೆ ಬೇಯಿಸುವ ಒಲೆ, ಈ ಮೂರರ ಹೊಗೆ ಅಟ್ಟಕ್ಕೇರಿ ಮರವನ್ನು ಒಣಗಿಸುತ್ತಿತ್ತು. ಒಲೆ ಆರದ ಸಂಸಾರಕ್ಕೆಂದು ಕಟ್ಟಿದ ಮನೆಯನ್ನು ವಾರಾಂತ್ಯಕ್ಕೆ ಬಳಸುತ್ತೇವೆಂದರೆ ಅದು ಒಪ್ಪುವುದಿಲ್ಲ. ಹೋಗಲಿ, ಒಣ ದಿನಗಳಲ್ಲಿ ಮಾತ್ರ ಬರೋಣವೆಂದರೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಈ ಜ್ವರ ಉಣುಗು ಕಚ್ಚಿ ಬರುತ್ತದೆ. ಊರವರು ಕೈಕಾಲಿಗೆ ಉಣುಗು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ದರಗು, ಅಂದರೆ ಒಣಗಿದ ಎಲೆ, ತರಲು ಹೋಗುತ್ತಾರೆ. ಪೇಟೆಯಿಂದ ಬಂದ ನೆಂಟರು ಚಪ್ಪಲಿಯಲ್ಲೇ ಕಾಡು ಸುತ್ತಲು ಹೊರಡುತ್ತಾರೆ. ದಾಖಲೆಯ ಕಡೆಯಿಂದಲೂ ಒಂದು ಎಚ್ಚರಿಕೆ ಬೇಕು. ಮಾರುವವರು ತೋಟದ ಜೊತೆಗೆ, ಅದಕ್ಕೆಂದು ಬಿಟ್ಟ ಕಾಡಾದ ಸೊಪ್ಪಿನಬೆಟ್ಟವನ್ನೂ ತಮ್ಮದೆಂಬಂತೆ ಕೈಬೀಸಿ ತೋರಿಸುತ್ತಾರೆ. ಅಲ್ಲಿರುವುದು ಸೊಪ್ಪು, ದರಗು ತರುವ ಹಕ್ಕು ಮಾತ್ರ, ಭೂಮಿ ಸರ್ಕಾರದ್ದು.

ಮಾಗಡಿಯ ಪ್ಲಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಗದ ಪರೀಕ್ಷೆಯಲ್ಲಿ ಅದೇ ಮೊದಲನೆಯದು: ಕಾವಲುಗಾರನಿದ್ದಾನೆ, ಗೇಟಿದೆ, ಬಿಟ್ಟದ್ದು ಬಿಟ್ಟಲ್ಲೇ ಇರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಈ ವ್ಯಾಪಾರ ಏರಿದ್ದು ಆಮೇಲೆಯೇ. ಮಾರಾಟಗಾರರು ಮೆಲ್ಲನೆ ಹೇಳುವ ಸಂಗತಿಯೆಂದರೆ, ಭೂಪರಿವರ್ತನೆ ಇಲ್ಲದೆ ತೋಟದ ಮನೆ ಕಟ್ಟಲು ಹಿಡುವಳಿಯ ಶೇ 10ರಷ್ಟು ಜಾಗವೇ ಮಿತಿ. 10 ಗುಂಟೆ ಕೊಂಡರೆ 1 ಗುಂಟೆ, ಅಂದರೆ 1,089 ಚದರ ಅಡಿ. ಕರಪತ್ರದ ಬಂಗಲೆ ಅದರೊಳಗೆ ಹಿಡಿಸುವುದಿಲ್ಲ. ‘ಬೆಂಗಳೂರಿಗೆ ಹತ್ತಿರ’ ಎಂಬ ಮಾತೂ ಶನಿವಾರ ಬೆಳಿಗ್ಗೆ ಸುಂಕದಕಟ್ಟೆ ದಾಟುವಷ್ಟರಲ್ಲಿ ಸವೆದುಹೋಗುತ್ತದೆ. ಇದೆಲ್ಲ ಸಹಿಸಬಹುದಿತ್ತು. ಆದರೆ ಅಲ್ಲಿ ಹಳ್ಳಿಯೇ ಇಲ್ಲ. ಅಕ್ಕಪಕ್ಕದಲ್ಲಿ ನಮ್ಮಂಥವರೇ, ಹಾಲು ಪೊಟ್ಟಣದ್ದೇ, ಮಾತು ಸೈಟಿನ ದರದ್ದೇ.

ಮಳವಳ್ಳಿ ಕಡೆಯ ಮನೆ ನೋಡಲು ಸಾಧಾರಣ. ಬೀದಿಗೆ ಅಂಟಿದ ಜಗುಲಿ, ಒಳಗೆ ಕಂಬದ ತೊಟ್ಟಿ, ಹಿಂದೆ ಹಿತ್ತಿಲು, ಎಡಗೋಡೆ ಪಕ್ಕದ ಮನೆಯವರೊಂದಿಗೆ ಜಂಟಿ. ಕನಕಪುರ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಬೆಳಕು ಹರಿಯುವ ಮೊದಲೇ ಡೈರಿ ಮುಂದೆ ಕ್ಯಾನುಗಳ ಸದ್ದು. ಕೊಬ್ಬಿನ ಅಂಶ ಎಷ್ಟು ಬಂತೆಂಬ ತಕರಾರು ನಮ್ಮ ಹಜಾರಕ್ಕೇ ಕೇಳಿಸುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹೊತ್ತುಗೊತ್ತಿಲ್ಲದೆ ಹೋಗುತ್ತದೆ. ನಾಲೆಗೆ ನೀರು ಬಿಟ್ಟರೇ ಇಲ್ಲವೇ ಎಂಬುದರ ಮೇಲೆ ಇಡೀ ಬೀದಿಯ ಮುಖಭಾವ ನಿಂತಿದೆ. ಏಕಾಂತ ಬೇಕೆನ್ನುವವರು ಇತ್ತ ಬರಲೇಬಾರದು. ನನ್ನ ಸಂಬಳ, ನಮ್ಮ ಸಾರಿಗೆ ಹಾಕಿದ ಕಾಳು, ಮಗಳಿಗೆ ಮದುವೆ ಯಾವಾಗ, ಎಲ್ಲವೂ ಬೀದಿಯ ವಿಚಾರಣೆಗೆ ಒಳಪಟ್ಟಿವೆ.

ಆದರೆ ಬೀಗ ಹಾಕಿ ಬಂದಾಗ ಇದೇ ಕುತೂಹಲ ಕೆಲಸಕ್ಕೆ ಬರುತ್ತದೆ. ಹಿತ್ತಿಲ ಬಾಗಿಲ ಚಿಲಕ ಸಡಿಲವಾದದ್ದು ಅಂದೇ ಸಂಜೆ ಫೋನಿನಲ್ಲಿ ತಿಳಿಯಿತು. ನೀರಗಂಟಿ ನಲ್ಲಿ ಬಿಟ್ಟ ದಿನ ಪಕ್ಕದ ಮನೆಯಾಕೆ ನಮ್ಮ ಸಂಪನ್ನೂ ತುಂಬಿಸಿಕೊಂಡಿದ್ದರು. ಪ್ರತಿಯಾಗಿ ನಮ್ಮ ಜಗುಲಿಯ ಮೇಲೆ ಅವರ ರಾಗಿ ಒಣಗುತ್ತಿತ್ತು, ಕೇಳದೆಯೇ. ಇಂಥ ಬಾಡಿಗೆಗೆ ನನ್ನ ತಕರಾರಿಲ್ಲ.

ಹೆಂಡತಿಗೆ ಮಾತ್ರ ಇಂದಿಗೂ ಸಾಗರವೇ ಬೇಕು. ಬೂಷ್ಟು ಒರೆಸಿದರೆ ಹೋಗುತ್ತದೆ, ಕಬ್ಬಿನ ಟ್ರ್ಯಾಕ್ಟರ್ ಹೋಗುವುದಿಲ್ಲ ಎನ್ನುವುದು ಅವಳ ವಾದ. ನನ್ನ ಓಟು ಮಳವಳ್ಳಿಗೆ. ಗ್ರಾಮಠಾಣೆಯ, ಅಂದರೆ ಊರೊಳಗಿನ ವಾಸದ ಜಾಗದ, ಆಸ್ತಿಯಾದ್ದರಿಂದ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಸಿಕ್ಕಿವೆ, ಋಣಭಾರ ಪ್ರಮಾಣಪತ್ರವೂ ಶುದ್ಧ. ಉಳಿದಿರುವುದು ಸಹಿ. ಮನೆ ಮಾರುವ ಅಣ್ಣತಮ್ಮಂದಿರ ಹೆಸರಿನಲ್ಲಿದ್ದರೂ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಪಾಲನ್ನು ಬಿಟ್ಟು ಕ್ರಯ ಮಾಡಿಸಿಕೊಂಡವರು ಕೋರ್ಟು ಕಾಣುತ್ತಾರೆ. ಮೈಸೂರಿನಲ್ಲಿರುವ ಅವರ ತಂಗಿ ತನ್ನ ಪಾಲಿನ ಹಣ ತನ್ನ ಖಾತೆಗೇ ಬರಬೇಕು, ಅಣ್ಣನ ಮೂಲಕ ಬೇಡ ಎಂದಿದ್ದಾರೆ. ಅವರ ಮಾತು ನ್ಯಾಯವಾದದ್ದು. ಅಣ್ಣ ಇನ್ನೂ ಒಪ್ಪಿಲ್ಲವಾದ್ದರಿಂದ ಮುಂಗಡ ಕೊಡದೆ ಬಾಡಿಗೆಯನ್ನೇ ಮುಂದುವರಿಸಿದ್ದೇವೆ. ಸಾಗರದ ಮನೆಯ ಯಜಮಾನರೂ ನವೆಂಬರಿನಲ್ಲಿ ಎರಡು ವಾರ ಇರಲು ಬಿಡುತ್ತಾರಂತೆ, ಅಡಿಕೆಯ ಕೊನೆಕೊಯ್ಲಿಗೆ ನಾವಿಬ್ಬರೂ ಕೈಜೋಡಿಸಬೇಕೆಂಬ ಷರತ್ತಿನ ಮೇಲೆ.