ಟಿಮ್ ಮಾಯಾ, ಆಂಟೋನಿಯೊ ಅಡೋಲ್ಫೊ: ಸ್ವತಂತ್ರ ಹಾದಿಗೆ ಯಾರು ಮಾದರಿ?

ಬ್ರೆಜಿಲ್‌ನ ಈ ಇಬ್ಬರು ಸಂಗೀತಗಾರರೂ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗು ತೊರೆದವರೇ. ಗಾಯಕ ಟಿಮ್ ಮಾಯಾ ಒಂದು ಪಂಥಕ್ಕೆ ಮನಸೋತು ಅದರ ಬೋಧನೆಯನ್ನೇ ಹಾಡತೊಡಗಿದಾಗ ಆರ್‌ಸಿಎ ಕಂಪನಿ ಅವರನ್ನು ಕೈಬಿಟ್ಟಿತು. 1975ರಲ್ಲಿ ಅವರು ಸೆರೋಮಾ ಎಂಬ ತಮ್ಮದೇ ಧ್ವನಿಮುದ್ರಣ ಸಂಸ್ಥೆಯಿಂದ ಧ್ವನಿಮುದ್ರಿಕೆ ಹೊರತಂದರು. ಪಂಥ ಬಿಟ್ಟ ಮೇಲೆ ಆ ಧ್ವನಿಮುದ್ರಿಕೆಯನ್ನೂ ದೂರವಿಟ್ಟರು. ಆದರೆ ಆ ಕಂಠ! ಸೋಲ್, ಫಂಕ್ ಶೈಲಿಯ ಸಂಗೀತ ಪ್ರಿಯರು ಇದರಿಂದಲೇ ಕೇಳತೊಡಗಬೇಕು.

ರಿಯೊದ ಪಿಯಾನೊ ವಾದಕ ಅಡೋಲ್ಫೊ ಅವರದು ತಾಳ್ಮೆಯ ದಾರಿ. ಕಂಪನಿಗಳು ಒಲ್ಲೆವೆಂದಾಗ, 1977ರಲ್ಲಿ ‘ಫೇಟು ಎಂ ಕಾಜಾ’ ಎಂಬ ಧ್ವನಿಮುದ್ರಿಕೆಯನ್ನು ತಾವೇ ಮುದ್ರಿಸಿ, ತಾವೇ ಅಂಗಡಿಗಳಿಗೆ ಹೊತ್ತೊಯ್ದು ಮಾರಿದರು. 1979ರಲ್ಲಿ ಬೊಕಾ ಲಿವ್ರೆ ಎಂಬ ಗಾಯನ ತಂಡವೂ ಸ್ವತಂತ್ರವಾಗಿಯೇ ಧ್ವನಿಮುದ್ರಿಕೆ ತಂದು ಭರ್ಜರಿಯಾಗಿ ಗೆದ್ದಿತು. ಸಂಗೀತವನ್ನೇ ನಂಬಿ ಬದುಕಲು ಹೊರಟವರಿಗೆ ನಾನು ಹೇಳುವುದು ಅಡೋಲ್ಫೊ ಹೆಸರನ್ನೇ.